ಕೆಂಪು ದಾರದ ಚೀಲಗಳು

ಫೆಬ್ರುವರಿ 3

ಅಪ್ಪನಿಗೆ,

ನೀವು ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಅತ್ತೆಯೂ.

ಒಂದು ಹೊಲಿಗೆಯ ಕೆಲಸವಿದೆ. ಈ ಪಾರ್ಸೆಲ್ಲಿನಲ್ಲಿ ನೈಲಾನ್ ಬಲೆಯ ಇನ್ನೂರ ನಲವತ್ತು ತುಂಡುಗಳಿವೆ. ಪ್ರತಿಯೊಂದನ್ನೂ ಮಡಿಸಿ, ಎರಡು ಬದಿ ಹೊಲಿದು, ಅಂಗೈ ಅಗಲದ ಚೀಲ ಮಾಡಬೇಕು. ಬಾಯಿ ತೆರೆದಿರಲಿ. ಅರ್ಧದಷ್ಟು ತುಂಡುಗಳಲ್ಲಿ ತೂತುಗಳಿವೆ. ಅವುಗಳ ಮೂಲೆಗೆ ಕೆಂಪು ದಾರ, ಉಳಿದವಕ್ಕೆ ನೀಲಿ ದಾರ ಹಾಕಿ. ತಗಡಿನ ನಂಬರು ಬಿಲ್ಲೆಗಳು ಬೇರೆ ಪೊಟ್ಟಣದಲ್ಲಿವೆ. ಕೆಂಪಿನವಕ್ಕೆ 1ರಿಂದ 120, ನೀಲಿಯವಕ್ಕೆ 121ರಿಂದ 240. ಮೂರು ತಿಂಗಳು ಮಣ್ಣಿನೊಳಗಿದ್ದರೂ ಹೊಲಿಗೆ ಬಿಚ್ಚಿಕೊಳ್ಳಬಾರದು. ಇಲ್ಲಿಯವರು ಹೊಲಿದದ್ದು ಎರಡೇ ವಾರಕ್ಕೆ ಬಾಯಿ ಬಿಟ್ಟಿತು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ತಿಂಗಳ ಕೊನೆಗೆ ಬೇಕು.

ಇಂತಿ,
ಮಗಳು


ಫೆಬ್ರುವರಿ 27

ಪುಟ್ಟಿ,

ಪೋಸ್ಟ್‌ಮ್ಯಾನ್ ಬೀದಿಯ ಆ ತುದಿಯಿಂದಲೇ "ಟೇಲರ್ರೇ, ಮಗಳ ಪಾರ್ಸೆಲ್ಲು!" ಎಂದು ಕೂಗಿಕೊಂಡು ಬಂದ. ಎರಡು ವರ್ಷದಿಂದ ನನ್ನ ಅಂಗಡಿಗೆ ಅವನು ತಂದದ್ದು ಕರೆಂಟ್ ಬಿಲ್ಲು ಮಾತ್ರ, ಅವನಿಗೂ ಖುಷಿಯಾಗಿರಬೇಕು. ನಾನು ಆಗ ಒಬ್ಬರ ಪ್ಯಾಂಟಿನ ಅಳತೆ ತೆಗೆಯುತ್ತಿದ್ದೆ. ಟೇಪಿನ ತುದಿಯನ್ನು ಅವರ ಕೈಗೇ ಕೊಟ್ಟು "ಹಿಡ್ಕೊಂಡಿರಿ, ಬಂದೆ" ಎಂದು ಬೀದಿಗಿಳಿದೆ. ಪಾಪ, ಹತ್ತು ನಿಮಿಷ ಹಾಗೇ ಹಿಡಿದುಕೊಂಡು ನಿಂತಿದ್ದರಂತೆ.

ನಿನ್ನ ಪತ್ರ ಚಿಕ್ಕದಾಗಿತ್ತು, ಹಾಗಾಗಿ ನಾಲ್ಕು ಸಲ ಓದಿದೆ. 'ನೀವು' ಎಂದು ಬರೆದಿದ್ದೀಯ. ಮಾತು ಕಲಿತಾಗಿನಿಂದ 'ನೀನು' ಎಂದವಳು. ಯಾರೋ ಹೊಸ ಗಿರಾಕಿ ಬಂದಂತಾಯಿತು. ಇರಲಿ. ಗಿರಾಕಿಯಾಗಿಯಾದರೂ ಬಂದೆಯಲ್ಲ.

ನಿನ್ನ ಬಲೆ ಮಹಾ ಹಟಮಾರಿ. ಮೆಷಿನ್ನಿನ ಹಲ್ಲಿಗೆ ಸಿಕ್ಕುವುದೇ ಇಲ್ಲ, ಜಾರುತ್ತದೆ. ಕೊನೆಗೆ ಅಡಿಗೆ ಹಳೆಯ ಪೇಪರ್ ಇಟ್ಟು ಹೊಲಿದು, ಆಮೇಲೆ ಪೇಪರನ್ನು ಹರಿದು ತೆಗೆದೆ. ಎರಡೆರಡು ಸಾಲು ಹಾಕಿದ್ದೇನೆ. ಚೀಲ ಕೊಳೆತರೂ ಹೊಲಿಗೆ ಉಳಿಯುತ್ತದೆ, ಬೇಕಾದರೆ ಪಂಥ ಕಟ್ಟು.

ನನ್ನ ಅಕ್ಕ, ಅದೇ ನಿನ್ನ ಅತ್ತೆ, ಈಗಲೂ ನನ್ನ ಎದುರಿನ ಸ್ಟೂಲಿನಲ್ಲಿ ಕುಳಿತೇ ಗುಂಡಿ ಹಾಕುತ್ತಾಳೆ. ಕೈ ನಿಂತರೂ ಬಾಯಿ ನಿಲ್ಲುವುದಿಲ್ಲ. "ಇಷ್ಟು ಸಣ್ಣ ಚೀಲದಲ್ಲಿ ಏನು ತುಂಬ್ತಾಳಂತೆ?" ಎಂದು ಕೇಳಿದಳು. "ಒಣಗಿದ ಎಲೆ ಇರಬೇಕು. ಕೊಳೆಯೋದನ್ನ ನೋಡೋದೇ ಅವಳ ಕೆಲಸ ಅಲ್ವಾ" ಎಂದೆ. ಅಂದವನೇ ನಾಲಗೆ ಕಚ್ಚಿಕೊಂಡೆ. ಅದೇ ಮಾತನ್ನು ಇದೇ ಅಂಗಡಿಯಲ್ಲಿ, ಬೇರೆ ದನಿಯಲ್ಲಿ ನಿನಗೆ ಹೇಳಿದ್ದೆ.

ಒಂದು ಗುಟ್ಟು ಇದೆ. ಈ ಕೆಲಸಕ್ಕೆ ಕೈಯಿಂದ ಒಂದಿಷ್ಟು ಹೆಚ್ಚಿಗೆ ಹಾಕಿದ್ದೇನೆ. ಏನೆಂದು ಹೇಳುವುದಿಲ್ಲ, ಕಂಡುಹಿಡಿದರೆ ನೀನು ಟೇಲರನ ಮಗಳು. ಕೊನೆಯ ಹೊತ್ತಿಗೆ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು ಬಂದು ಪೂರ್ತಿ ಮಾಡಲಾಗಲಿಲ್ಲ, ಅದೊಂದು ಕೊರಗು.

ಊಟ ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ
ಅಪ್ಪ


ಜೂನ್ 3

ಅಪ್ಪಾ,

ಈ ಪತ್ರ ಬರೆಯಲು ಇಷ್ಟು ತಿಂಗಳು ತೆಗೆದುಕೊಂಡದ್ದಕ್ಕೆ ಕೆಲಸ ಕಾರಣ ಎಂದು ಹೇಳಬಹುದು. ಅರ್ಧ ನಿಜ.

ನಾನೀಗ ಮರಗಳೇ ಇಲ್ಲದ ಒಂದು ಚಳಿ ಬಯಲಿನಲ್ಲಿದ್ದೇನೆ. ಮೂರು ತಗಡಿನ ಕೋಣೆಗಳ ಶಿಬಿರ. ಫೋನು ಸಿಗುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಸಾಮಾನಿನ ಗಾಡಿ ಬರುತ್ತದೆ, ಟಪಾಲೂ ಅದರಲ್ಲೇ. ಸುತ್ತ ಕಣ್ಣು ಹಾಯುವಷ್ಟು ದೂರ ಪಾಚಿ, ಕಲ್ಲುಹೂವು, ಹಿಮ ಕರಗಿದ ನೀರು. ಇಲ್ಲಿಯ ಅತಿ ಎತ್ತರದ ಗಿಡ ನನ್ನ ಮೊಣಕಾಲಿಗೂ ಬರುವುದಿಲ್ಲ. ಒಂದು ಅಡಿ ಅಗೆದರೆ ಸನಿಕೆ ಠಣ್ ಎನ್ನುತ್ತದೆ, ಕೆಳಗೆಲ್ಲ ಗಟ್ಟಿ ಮಂಜು.

ನಿಮ್ಮ ಚೀಲಗಳನ್ನು ಮೊನ್ನೆ ಹೂತೆವು. ಎಂಬತ್ತು ಇಲ್ಲಿ, ಎಂಬತ್ತು ವರ್ಷವಿಡೀ ಮಳೆ ಸುರಿಯುವ ಒಂದು ದಟ್ಟ ಕಾಡಿನಲ್ಲಿ, ಎಂಬತ್ತು ಒಂದು ಮರಳುಗಾಡಿನಲ್ಲಿ. ಎಲ್ಲ ಚೀಲದಲ್ಲೂ ಒಂದೇ ಮರದ ಒಣ ಎಲೆ, ಹತ್ತು ಹತ್ತು ಗ್ರಾಂ. ತೊಂಬತ್ತು ದಿನ ಬಿಟ್ಟು ತೆಗೆದು ತೂಗುತ್ತೇವೆ. ಯಾವ ನೆಲ ಎಷ್ಟು ಬೇಗ ಎಲೆಯನ್ನು ಮಣ್ಣು ಮಾಡುತ್ತದೆ, ಅದು ನಮ್ಮ ಪ್ರಶ್ನೆ. ಈ ವರದಿ ಒಪ್ಪಿಗೆಯಾದರೆ ನನ್ನ ಕೆಲಸ ಖಾಯಂ. ಇಲ್ಲವಾದರೆ ಡಿಸೆಂಬರಿಗೆ ಗಂಟುಮೂಟೆ.

ಇದಕ್ಕೆ ಯಾಕೆ ಇಷ್ಟು ಒದ್ದಾಟ ಎಂದು ಅತ್ತೆ ಕೇಳಿಯೇ ಕೇಳುತ್ತಾರೆ. ಹೀಗೆ ಹೇಳಿ: ಎಲೆ ಬಿಸಿಲನ್ನು ಹಿಡಿದಿಡುತ್ತದೆ. ಆ ಎಲೆಯನ್ನು ಮೊಲ ತಿನ್ನುತ್ತದೆ, ಮೊಲವನ್ನು ನರಿ. ಒಬ್ಬರಿಂದ ಒಬ್ಬರಿಗೆ ದಾಟುವಾಗ ಹೆಚ್ಚಿನ ಪಾಲು ಓಡಾಟಕ್ಕೆ, ಮೈಯ ಬಿಸಿಗೆ ಮುಗಿದುಹೋಗುತ್ತದೆ. ಹೋದದ್ದು ಹೋಯಿತು, ಮತ್ತೆ ಬಿಸಿಲೇ ಬರಬೇಕು. ಆದರೆ ಎಲೆ ಮಣ್ಣಿನಿಂದ ಎತ್ತಿಕೊಂಡ ಸತ್ವ ಹಾಗಲ್ಲ. ಎಲೆ ಕೊಳೆತರೆ ಅದು ಮಣ್ಣಿಗೆ ವಾಪಸು, ಮಣ್ಣಿನಿಂದ ಇನ್ನೊಂದು ಗಿಡಕ್ಕೆ. ಕೊಳೆಯದಿದ್ದರೆ ಅಲ್ಲಿಗೇ ನಿಂತಿತು.

ಇಲ್ಲಿ ಆಗುವುದು ಅದೇ. ಚಳಿಗೆ ಏನೂ ಬೇಗ ಕೊಳೆಯುವುದಿಲ್ಲ. ಸಾವಿರಾರು ವರ್ಷದ ಎಲೆ, ಬೇರು, ಪಾಚಿ ಹಾಗೇ ನೆಲದಲ್ಲಿ ಬಿದ್ದಿದೆ. ಅಷ್ಟು ಸತ್ವ ಕಾಲ ಕೆಳಗಿದ್ದೂ ಗಿಡಗಳು ಮೊಣಕಾಲೆತ್ತರ ಬೆಳೆಯಲಾರವು. ಕಾಡಿನಲ್ಲಿ ತಿರುಗುಮುರುಗು: ಮಣ್ಣು ಬಡವಿ, ಬಿದ್ದದ್ದೆಲ್ಲ ತಿಂಗಳುಗಳಲ್ಲಿ ಮರ ಸೇರಿ ಮತ್ತೆ ಹಸಿರಾಗುತ್ತದೆ. ಇಲ್ಲಿ ಪೆಟ್ಟಿಗೆ ತುಂಬ ಇಟ್ಟುಕೊಂಡು ಉಪವಾಸ.

ಪೆಟ್ಟಿಗೆ ಎಂದು ಬರೆದ ಮೇಲೆ ಅಮ್ಮನ ಬಟ್ಟೆಯ ಜಗಳ ನೆನಪಾಯಿತು. ನಿಮ್ಮನ್ನು ಕುಟುಕಲು ಬರೆದದ್ದಲ್ಲ.

ನಿಮ್ಮ ಗುಟ್ಟು ಸಿಗಲಿಲ್ಲ. ಕೈಗವಸು ಹಾಕಿಕೊಂಡು ಎರಡೇ ದಿನದಲ್ಲಿ ಎಲ್ಲ ಚೀಲ ತುಂಬಿದೆ; ಮೂಲೆಯ ದಾರದ ಬಣ್ಣ ಬಿಟ್ಟು ಬೇರೇನೂ ನೋಡಲಿಲ್ಲ. ಎರಡು ಸಾಲು ಹೊಲಿಗೆಯೇ ಗುಟ್ಟು ಎಂದುಕೊಂಡಿದ್ದೇನೆ. ಉಗುರುಸುತ್ತು ವಾಸಿಯಾಯಿತೆ?

ಪುಟ್ಟಿ


ಜುಲೈ 1

ಪುಟ್ಟಿ,

ಉಗುರುಸುತ್ತು ವಾಸಿಯಾಗಿ ಮೂರು ತಿಂಗಳಾಯಿತು, ಉಗುರು ಮಾತ್ರ ಸೊಟ್ಟ ಬಂದಿದೆ. ನಿನ್ನ ಪತ್ರವನ್ನು ಅತ್ತೆಗೆ ಎರಡು ಸಲ ಓದಿ ಹೇಳಿದೆ. "ನರಿ ಮೊಲ ತಿನ್ನೋದು ನಂಗೂ ಗೊತ್ತು, ಅದಕ್ಕೆ ಅಷ್ಟು ಓದ್ಬೇಕಾ?" ಎಂದು ಮೂಗು ಮುರಿದಳು. ಆದರೆ ಹೋದದ್ದು ಹೋಯಿತು, ಕೊಳೆತದ್ದು ವಾಪಸು ಎನ್ನುವುದು ಅವಳ ತಲೆಯಲ್ಲೂ ನನ್ನ ತಲೆಯಲ್ಲೂ ಕೂತಿತು. ಎರಡು ದಿನ ಯೋಚಿಸಿ ಒಂದು ಲೆಕ್ಕಕ್ಕೆ ಬಂದೆ. ತಪ್ಪಿದ್ದರೆ ತಿದ್ದು.

ನನ್ನ ಮದುವೆಯ ಬೂದು ಕೋಟು ನೆನಪಿದೆಯೆ? ಅದನ್ನು ಬಿಚ್ಚಿ ನಿನಗೆ ಶಾಲೆಯ ಕೋಟು ಮಾಡಿದೆ. ನೀನು ಬೆಳೆದ ಮೇಲೆ ಅದು ನನ್ನ ಕುರ್ಚಿಯ ಮೆತ್ತೆಗೆ ಹೊದಿಕೆಯಾಯಿತು. ಹೊದಿಕೆ ಸವೆದಾಗ ಇಸ್ತ್ರಿ ಮೇಜಿಗೆ ಹಾಸಿದೆ. ಈಗ ಅದರ ಚೂರಿನಲ್ಲಿ ಮೆಷಿನ್ನಿನ ಎಣ್ಣೆ ಒರೆಸುತ್ತೇನೆ. ಅದೇ ಬಟ್ಟೆ, ಮೂವತ್ತು ವರ್ಷದಿಂದ ಇದೇ ಕೋಣೆಯಲ್ಲಿ ಸುತ್ತುತ್ತಿದೆ. ಇಸ್ತ್ರಿಪೆಟ್ಟಿಗೆಯ ಕಥೆ ಬೇರೆ. ಬೆಳಗ್ಗೆ ಇದ್ದಿಲು ತುಂಬಿ ಕೆಂಡ ಮಾಡುತ್ತೇನೆ. ಹತ್ತು ಅಂಗಿಗೆ ಬಿಸಿ ಸಾಕು, ಹನ್ನೊಂದನೆಯದಕ್ಕೆ ಸುಕ್ಕು ಹೋಗುವುದಿಲ್ಲ. ಅಂಗಿಗೆ ಹೋದ ಬಿಸಿಯನ್ನು ವಾಪಸು ಪೆಟ್ಟಿಗೆಗೆ ತುಂಬುವ ಟೇಲರ್ ಇನ್ನೂ ಹುಟ್ಟಿಲ್ಲ. ಮತ್ತೆ ಇದ್ದಿಲೇ ಹಾಕಬೇಕು.

ಬಟ್ಟೆ ಸುತ್ತುತ್ತದೆ, ಬಿಸಿ ಹೋಗುತ್ತದೆ. ನಿನ್ನ ಓದು ಇದೇ ತಾನೆ?

ಇನ್ನು ನೀನು ಬರೆದ ಆ ಪೆಟ್ಟಿಗೆಯ ಮಾತಿಗೆ ಬರುತ್ತೇನೆ. ನೀನು ಕುಟುಕಲಿಲ್ಲ, ಗೊತ್ತು. ಆದರೂ ಹೇಳಿಬಿಡುತ್ತೇನೆ. ನಿನ್ನ ಅಮ್ಮ ಹೋಗಿ ಒಂದು ತಿಂಗಳೂ ಆಗಿರಲಿಲ್ಲ. ನಾನು ಅಂಗಡಿಯಿಂದ ಬರುವಷ್ಟರಲ್ಲಿ ನೀನು ಅವಳ ಕಪಾಟು ಖಾಲಿ ಮಾಡಿ, ಬಟ್ಟೆಯನ್ನೆಲ್ಲ ಆಸ್ಪತ್ರೆಯ ಬಡ ರೋಗಿಗಳಿಗೆ ಕೊಟ್ಟು ಬಂದಿದ್ದೆ. ಅದರಲ್ಲಿ ಅರ್ಧ ನಾನೇ ಹೊಲಿದವು. ಖಾಲಿ ಹ್ಯಾಂಗರುಗಳನ್ನು ನೋಡಿ ನನಗೆ ತಲೆ ಕೆಟ್ಟಿತು. ಮಾರನೆಯ ದಿನ ನೀನು ಅಂಗಡಿಗೆ ಬಂದಾಗ "ನೀನು ಕೊಳೆಯೋದನ್ನ ನೋಡೋಕೇ ಹುಟ್ಟಿದವಳು, ಅಮ್ಮನ್ನೂ ಗುಡಿಸಿ ಹಾಕಿದೆ" ಎಂದೆ. ಆಡಬಾರದ ಮಾತು ಆಡಿದೆ. ಎರಡು ವರ್ಷ ತಡವಾಯಿತು, ಇಂದು ಬರೆದೆ. ನೀನು ಉತ್ತರಿಸಲೇಬೇಕೆಂದಿಲ್ಲ.

ಚಳಿಗೆ ಕಿವಿ ಮುಚ್ಚಿಕೋ.

ಅಪ್ಪ


ಸೆಪ್ಟೆಂಬರ್ 12

ಅಪ್ಪಾ,

ಇಸ್ತ್ರಿಪೆಟ್ಟಿಗೆಯ ಪತ್ರವನ್ನು ಇಲ್ಲಿ ಗೋಡೆಗೆ ಅಂಟಿಸಿದ್ದೇನೆ, ಕೊನೆಯ ಹಾಳೆಯೊಂದನ್ನು ಬಿಟ್ಟು. ಆ ಹಾಳೆ ನನ್ನ ಬಳಿ ಇದೆ. ಅದಕ್ಕೆ ಉತ್ತರ ಬರೆಯಲು ಆರು ಸಲ ಕೂತೆ. ಬರೆಯುತ್ತೇನೆ, ಈಗಲ್ಲ. ಈಗ ನನಗೆ ಕುಣಿಯಬೇಕೆನಿಸುತ್ತಿದೆ!

ಕಾಡಿನ ಮತ್ತು ಮರಳುಗಾಡಿನ ಚೀಲಗಳು ಮುಖ್ಯ ಕಚೇರಿಗೆ ಬಂದು, ನಮ್ಮ ಮೇಲಧಿಕಾರಿ ತೂಗಿ, ಇವತ್ತಿನ ಗಾಡಿಯಲ್ಲಿ ಅಂಕಿ ಕಳಿಸಿದ್ದಾರೆ. ಅವರಿಗೆ ನಾವಿಟ್ಟ ಹೆಸರು ತಕ್ಕಡಿ ಮೇಡಂ. ತೂಗದೆ ಯಾವುದನ್ನೂ ನಂಬುವವರಲ್ಲ, ಬೆಳಗಿನ ನಮಸ್ಕಾರವನ್ನೂ.

ಆ ಬಲೆಗೆ ಯಾಕೆ ತೂತು ಹಾಕಿದ್ದೆವೆಂದು ನಾನು ನಿಮಗೆ ಹೇಳಲೇ ಇಲ್ಲ, ಅಲ್ಲವೆ? ಎಲೆಯನ್ನು ಮಣ್ಣು ಮಾಡುವವರು ಎರಡು ಬಗೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಒಂದು ಕಡೆ; ಎರೆಹುಳ, ಗೆದ್ದಲು, ಜೀರುಂಡೆಗಳು ಇನ್ನೊಂದು ಕಡೆ. ಬಲೆಯ ಕಣ್ಣು ಬಹಳ ಸಣ್ಣದು. ನೀಲಿ ದಾರದ ಚೀಲಕ್ಕೆ ಸೂಕ್ಷ್ಮಜೀವಿ ಮಾತ್ರ ಹೋಗಬಲ್ಲದು. ಕೆಂಪು ದಾರದವಕ್ಕೆ ಬಟಾಣಿ ಗಾತ್ರದ ಆರು ತೂತು ಇಟ್ಟದ್ದು ಹುಳುಗಳು ಒಳಗೆ ಹೋಗಲಿ ಎಂದು. ಎರಡನ್ನೂ ತೂಗಿದರೆ ಹುಳುಗಳ ಪಾಲು ಎಷ್ಟೆಂದು ತಿಳಿಯುತ್ತದೆ.

ಈಗ ಕೇಳಿ. ಕಾಡಿನಲ್ಲಿ ನೀಲಿ ಚೀಲದಲ್ಲಿ ಉಳಿದದ್ದು ಆರು ಗ್ರಾಂ. ಕೆಂಪಿನಲ್ಲಿ ಉಳಿದದ್ದೂ ಆರೇ ಗ್ರಾಂ! ಅಂದರೆ ಹುಳುಗಳಿಂದ ಏನೂ ವ್ಯತ್ಯಾಸವಿಲ್ಲ. ಎಲ್ಲ ಪುಸ್ತಕಗಳಲ್ಲೂ ಇದಕ್ಕೆ ವಿರುದ್ಧವಾಗಿ ಬರೆದಿದೆ, ಅಪ್ಪಾ. ಅಕ್ಟೋಬರ್ ಆರಕ್ಕೆ ದೊಡ್ಡ ಸಭೆಯಿದೆ. ಅಲ್ಲಿ ನಾನು ಎದ್ದು ನಿಂತು ಇದನ್ನು ಹೇಳುತ್ತೇನೆ.

ಒಂದೇ ಒಂದು ಕಿರಿಕಿರಿ. ಕಾಡಿನ ಒಂಬತ್ತು ಚೀಲಗಳಲ್ಲಿ ಎರಡು ಗ್ರಾಂ ಕೂಡ ಉಳಿದಿಲ್ಲ: 98, 101, 103, 106, 109, 110, 114, 117, 119. ಮರಳುಗಾಡಿನಲ್ಲೂ ಅಂಥವು ಏಳಿವೆ. ಯಾವುದೋ ಪ್ರಾಣಿ ಕಚ್ಚಿ ಹರಿದಿರಬೇಕು. ಅವನ್ನು ಲೆಕ್ಕದಿಂದ ಬಿಡೋಣ ಎಂದು ಬರೆದಿದ್ದೇನೆ. ತಕ್ಕಡಿ ಮೇಡಂಗೆ ಮನಸ್ಸಿಲ್ಲ. "ಬೇಡ ಅನ್ನಿಸೋ ಅಂಕಿನೇ ಮೊದ್ಲು ಮಾತಾಡಿಸ್ಬೇಕು" ಎನ್ನುವುದು ಅವರ ವರಸೆ. ಆದರೆ ಒಪ್ಪುತ್ತಾರೆ, ಬೇರೆ ದಾರಿಯಿಲ್ಲ.

ಗಾಡಿ ನಾಳೆ ಹಿಂದಿರುಗುತ್ತದೆ, ಇದನ್ನೂ ಇಲ್ಲಿಯ ಎಂಬತ್ತು ಚೀಲಗಳನ್ನೂ ಅದರಲ್ಲಿ ಹಾಕುತ್ತೇನೆ. ಅದರ ಮುಂದಿನ ಗಾಡಿಯಲ್ಲಿ ನಾನೇ ಸಭೆಗೆ ಹೊರಡುತ್ತೇನೆ.

ಖುಷಿಯಲ್ಲಿ,
ಪುಟ್ಟಿ


ಸೆಪ್ಟೆಂಬರ್ 22

ಪುಟ್ಟಿ,

ಇದನ್ನು ಕುಳಿತು ಓದು. ಇದೇ ಪತ್ರದ ಇನ್ನೊಂದು ಪ್ರತಿಯನ್ನು ನಿನ್ನ ತಕ್ಕಡಿ ಮೇಡಂಗೂ ಕಳಿಸುತ್ತಿದ್ದೇನೆ. ಫೆಬ್ರುವರಿಯ ಪಾರ್ಸೆಲ್ಲಿನ ಕಾಗದವನ್ನು ಎತ್ತಿಟ್ಟಿದ್ದೆ, ಕಚೇರಿಯ ವಿಳಾಸ ಅದರ ಮೇಲಿತ್ತು. ನಿನಗೆ ಇದು ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಅವರಿಗಾದರೂ ಸಿಗಲಿ.

ಆ ತೂತುಗಳನ್ನು ನಾನು ಮುಚ್ಚಿದೆ.

ರಫೂ ಮಾಡಿದೆ, ಮಗಳೇ. ಮೂವತ್ತೆಂಟು ವರ್ಷದಲ್ಲಿ ನನ್ನ ಅಂಗಡಿಯಿಂದ ಹರಿದ ಬಟ್ಟೆ ಹಾಗೇ ಆಚೆ ಹೋಗಿಲ್ಲ. ನೀನು ತೂತಿರುವವಕ್ಕೆ ಕೆಂಪು ದಾರ ಹಾಕು ಎಂದಾಗ, ಇವು ಎರಡನೇ ದರ್ಜೆಯ ಮಾಲು, ಗುರುತಿಗೆ ಕೆಂಪು ಎಂದು ತಿಳಿದೆ. ಎರಡು ವರ್ಷ ಆದ ಮೇಲೆ ಮಗಳು ಕೆಲಸ ಕೊಟ್ಟಿದ್ದಾಳೆ, ಹರಕು ಚೀಲ ಕಳಿಸುವುದೆ? ಬಲೆಯ ಅಂಚಿನಿಂದಲೇ ಎಳೆ ಬಿಡಿಸಿ, ಅದೇ ಎಳೆಯಿಂದ ಒಂದೊಂದೇ ಕಣ್ಣು ಹೆಣೆದೆ. ತುಂಡಿಗೆ ಆರರಂತೆ ಐನೂರ ಎಪ್ಪತ್ತಾರು ತೂತು. ನಾನು ಹೆಣೆದೆ, ಅತ್ತೆ ಎಳೆ ಬಿಡಿಸಿ ಕೊಟ್ಟಳು. ಕೈಯಿಂದ ಹೆಚ್ಚಿಗೆ ಹಾಕಿದ್ದೇನೆ ಎಂದು ಬೀಗಿದೆನಲ್ಲ, ಅದು ಇದೇ.

ನಿನ್ನ ಪತ್ರ ಬಂದದ್ದು ಹದಿನೆಂಟಕ್ಕೆ. ಓದುತ್ತಾ ಹುಳುಗಳು ಒಳಗೆ ಹೋಗಲಿ ಎಂಬಲ್ಲಿಗೆ ಬಂದಾಗ ಎದ್ದು ಹೋಗಿ ಅಂಗಡಿಯ ಬಾಗಿಲು ಹಾಕಿದೆ. ನೀನು ಅಷ್ಟು ಕುಣಿಯುತ್ತಿದ್ದೆ. ಬರೆದರೆ ನಿನ್ನ ಒಂದು ವರ್ಷದ ಕೆಲಸಕ್ಕೆ ನಾನೇ ಕತ್ತರಿ ಹಾಕಿದಂತೆ. ಮತ್ತೆ ಎರಡು ವರ್ಷ ಪತ್ರವಿಲ್ಲ. ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ನನ್ನ ರಫೂ ಅಂಥದ್ದು. ಸುಳ್ಳು ಹೇಳುವುದಿಲ್ಲ, ನಾಲ್ಕು ದಿನ ಪತ್ರವನ್ನು ಅಳತೆ ಪುಸ್ತಕದೊಳಗೆ ಬಚ್ಚಿಟ್ಟುಕೊಂಡು ತಿರುಗಿದೆ.

ಇವತ್ತು ಅತ್ತೆ ಹಿಡಿದಳು. "ಏನೋ ಅದು, ನಾಲ್ಕು ದಿನದಿಂದ ತೋಳಿನ ಅಳತೆನ ಸೊಂಟಕ್ಕೆ ಬರೀತಿದ್ದೀಯ?" ಎಂದಳು. ಹೇಳಿದೆ. ಗುಂಡಿಯ ಡಬ್ಬಿ ಪಕ್ಕಕ್ಕಿಟ್ಟಳು. ಅವಳು ಡಬ್ಬಿ ಕೆಳಗಿಟ್ಟದ್ದನ್ನು ನಾನು ನೋಡಿದ್ದೇ ಅಪರೂಪ.

"ಬರೆದ್ರೆ ಬಯ್ತಾಳೆ" ಎಂದಳು. "ಬರೀದಿದ್ರೆ ಇನ್ಯಾವತ್ತೋ ಗೊತ್ತಾಗಿ, ಬಯ್ಯೋದೂ ಇಲ್ಲ. ಯಾವ್ದು ಬೇಕು ನಿಂಗೆ?"

ನನಗೆ ಬಯ್ಗುಳವೇ ಬೇಕು.

ಈಗ ಕೆಲಸದ ಮಾತು. ಕೊನೆಯ ಇಪ್ಪತ್ತನಾಲ್ಕು ತುಂಡುಗಳಿಗೆ ಉಗುರುಸುತ್ತಿನಿಂದಾಗಿ ರಫೂ ಆಗಲಿಲ್ಲ. ನಾಚಿಕೆಯಿಂದ ಹಾಗೇ ಹೊಲಿದು ಕಳಿಸಿದೆ. ಮುಂದೆ ಎಂದಾದರೂ ವಾಪಸು ತರಿಸಿ ಸರಿ ಮಾಡಬೇಕೆಂದು ನಂಬರನ್ನು ಅಳತೆ ಪುಸ್ತಕದಲ್ಲಿ ಬರೆದಿಟ್ಟಿದ್ದೆ: 97ರಿಂದ 120. ನೀನು ಬಿಡಬೇಕೆಂದಿರುವ ಒಂಬತ್ತೂ ಅದರೊಳಗೇ ಇವೆ. ಮೂರು ಸಲ ಬೆರಳಿಟ್ಟು ನೋಡಿದೆ. ಅವನ್ನು ಯಾವ ಪ್ರಾಣಿಯೂ ಹರಿದಿಲ್ಲ. ನಿನ್ನ ಕೆಂಪು ಚೀಲಗಳಲ್ಲಿ ನೀನು ಹೇಳಿದಂತೆ ಇರುವವು ಅವು ಮಾತ್ರ. ಪುಸ್ತಕದ ಆ ಹಾಳೆಯನ್ನೇ ಹರಿದು ಇದರ ಜೊತೆ ಇಟ್ಟಿದ್ದೇನೆ. ಹಿಂಬದಿಯಲ್ಲಿ ಯಾರದೋ ಪ್ಯಾಂಟಿನ ಅಳತೆ ಇದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ.

ತಪ್ಪಾಯಿತು.

ಅಪ್ಪ


ಸೆಪ್ಟೆಂಬರ್ 29

ಮಾನ್ಯ ಟೇಲರ್ ಅವರಿಗೆ,

ನಿಮ್ಮ ಪತ್ರ ನಿನ್ನೆ ಬೆಳಗ್ಗೆ ತಲುಪಿತು. ಓದಿ, ಮಾಡುತ್ತಿದ್ದ ಕೆಲಸ ಬಿಟ್ಟು ಉಗ್ರಾಣಕ್ಕೆ ಹೋದೆ. ತೂಕ ಮುಗಿದ ಮೇಲೆ ಚೀಲಗಳನ್ನು ಮಣ್ಣು ಸಮೇತ ಗೋಣಿಗೆ ತುಂಬಿಸಿಟ್ಟಿದ್ದೆ. ನಾವು ಎಲೆ ತೂಗಿದೆವು, ಚೀಲ ನೋಡಲಿಲ್ಲ. ಹಾಗಾಗಿ ತಪ್ಪಿನಲ್ಲಿ ನನ್ನದೂ ಪಾಲಿದೆ.

ತೊಳೆದು ನೋಡಿದೆ. ಕೆಂಪು ದಾರದ ಮೊದಲ ಹತ್ತು ಚೀಲಗಳಲ್ಲಿ ಭೂತಗನ್ನಡಿ ಹಿಡಿದರೂ ನಿಮ್ಮ ರಫೂ ಕಾಣಲಿಲ್ಲ. ದೀಪದ ಮೇಜಿನ ಮೇಲಿಟ್ಟು ನೋಡಿದಾಗ ಕಣ್ಣಿಗೆ ಬಿತ್ತು. ಕಾಡಿಗೆ ಹೋದ ನಲವತ್ತು ಕೆಂಪು ಚೀಲಗಳಲ್ಲಿ ಮೂವತ್ತೊಂದಕ್ಕೆ ರಫೂ ಆಗಿದೆ, ಒಂಬತ್ತಕ್ಕೆ ಇಲ್ಲ. ಆ ಒಂಬತ್ತು ನೀವು ಬರೆದ ನಂಬರುಗಳೇ. ಮರಳುಗಾಡಿನ ಏಳೂ ಹಾಗೆಯೇ, ಅಲ್ಲಿ ಗೆದ್ದಲು ತಿಂದಿದೆ. ಚಳಿ ಬಯಲಿನ ಎಂಟರಲ್ಲಿ ಮಾತ್ರ ವ್ಯತ್ಯಾಸವಿಲ್ಲ. ಅಲ್ಲಿ ಆ ಕೆಲಸ ಮಾಡುವಷ್ಟು ಹುಳುಗಳಿಲ್ಲ.

ಸಭೆಯಲ್ಲಿ ಹಳೆಯ ಫಲಿತಾಂಶವನ್ನೇ ಹೇಳಿದ್ದರೆ, ಮುಂದಿನ ವರ್ಷ ಯಾರಾದರೂ ಇದೇ ಪ್ರಯೋಗ ಮಾಡಿ ನಮ್ಮ ಮರ್ಯಾದೆ ಹರಾಜು ಹಾಕುತ್ತಿದ್ದರು. ಈಗ ಹೇಳುವುದು ಚಿಕ್ಕದು, ಆದರೆ ಗಟ್ಟಿ. ಇನ್ನೊಂದು ಮಾತು. ರಫೂ ಮಾಡಿದ ಚೀಲಗಳು ನೀಲಿ ಚೀಲಗಳಷ್ಟೇ ತೂಗಿವೆ. ತೊಂಬತ್ತು ದಿನದಲ್ಲಿ, ಒಂದು ಇಡೀ ಕಾಡಿನಲ್ಲಿ, ನಿಮ್ಮ ರಫೂ ಒಂದೇ ಒಂದು ಹುಳುವನ್ನೂ ಒಳಗೆ ಬಿಟ್ಟಿಲ್ಲ. ಇಷ್ಟು ಕಟ್ಟುನಿಟ್ಟಾದ ಕೆಲಸವನ್ನು ನಮ್ಮ ಕಚೇರಿಯಲ್ಲಿ ಯಾರೂ ಮಾಡಿಲ್ಲ.

ನನ್ನ ಒಂದು ಉಣ್ಣೆಯ ಕೋಟಿಗೆ ನುಸಿ ಹಿಡಿದು ತೂತಾಗಿದೆ. ಅದನ್ನು ದಯವಿಟ್ಟು ಮುಚ್ಚಬೇಕು. ಪ್ರಯೋಗವಲ್ಲ.

ವಂದನೆಗಳೊಂದಿಗೆ,
ನಿಮ್ಮ ಮಗಳು ತಕ್ಕಡಿ ಮೇಡಂ ಎಂದು ಕರೆಯುವವಳು (ನನಗೆ ಗೊತ್ತಿಲ್ಲ ಎಂದು ಅವರೆಲ್ಲ ನಂಬಿದ್ದಾರೆ)


ಅಕ್ಟೋಬರ್ 9

ಅಪ್ಪಾ,

ಸಭೆ ಮುಗಿಯಿತು. ಕೆಲಸ ಖಾಯಂ ಆಯಿತು. ಮೊದಲು ಇದನ್ನು ಅತ್ತೆಗೆ ಓದಿ ಹೇಳು, ಆಮೇಲೆ ಉಳಿದದ್ದು.

ನಾನು ಹೊರಡಬೇಕಿದ್ದ ಗಾಡಿಯಲ್ಲೇ ನಿನ್ನ ಪತ್ರ ಬಂತು. ಹಿಂದೆ ಆಲೂಗಡ್ಡೆ ಮೂಟೆಯ ಮೇಲೆ ಕುಳಿತು ಒಡೆದೆ. 'ಆ ತೂತುಗಳನ್ನು ನಾನು ಮುಚ್ಚಿದೆ' ಎಂಬಲ್ಲಿಗೆ ಬಂದಾಗ ಅದೇ ಸಾಲನ್ನು ಮೂರು ಸಲ ಓದಿದೆ. ನಿನಗೆ ಬಯ್ಗುಳ ಬೇಕಿತ್ತಲ್ಲ, ತಗೋ: ದಾರಿಯುದ್ದಕ್ಕೂ ಬಯ್ದೆ. ಗಾಡಿ ಓಡಿಸುವವರು ಎರಡು ಸಲ ತಿರುಗಿ ನೋಡಿದರು. ಕೊನೆಗೆ ಆ ಅಳತೆ ಪುಸ್ತಕದ ಹಾಳೆ ಬಿಡಿಸಿದೆ. ಇಪ್ಪತ್ತನಾಲ್ಕು ನಂಬರು, ಪಕ್ಕದಲ್ಲಿ ನಿನ್ನ ಅಕ್ಷರದಲ್ಲಿ 'ಬಾಕಿ, ಕ್ಷಮೆ ಇರಲಿ' ಎಂದಿದೆ. ಯಾರನ್ನು ಕ್ಷಮೆ ಕೇಳಿದ್ದೆ ಅಪ್ಪಾ, ಚೀಲವನ್ನೆ? ನಾನು ಮೂಟೆಯ ಮೇಲೆ ಒಬ್ಬಳೇ ನಕ್ಕೆ, ಆಮೇಲೆ ಅಳು ಬಂತು. ಅಳು ನಿಂತ ಮೇಲೆ ಮೈಯೆಲ್ಲ ಹಗುರಾಯಿತು. ನಾನು ಸುಳ್ಳು ಹೇಳಲು ಹೊರಟವಳು, ಸುಳ್ಳೆಂದು ಗೊತ್ತಿಲ್ಲದೆ. ನೀನು ತಡೆದೆ.

ತಪ್ಪು ನಿನ್ನದಲ್ಲ. ತೂತು ಯಾಕೆಂದು ಒಂದು ಸಾಲು ಬರೆದಿದ್ದರೆ ನೀನು ಸೂಜಿ ಎತ್ತುತ್ತಿರಲಿಲ್ಲ. ಬರೆಯಲಿಲ್ಲ, ಯಾಕೆಂದರೆ ಆಗ ನಿನಗೆ ಒಂದು ಸಾಲು ಹೆಚ್ಚಿಗೆ ಬರೆಯಲೂ ನನಗೆ ಮನಸ್ಸಿರಲಿಲ್ಲ. ಆ ಒಂಬತ್ತನ್ನು ಲೆಕ್ಕದಿಂದ ಬಿಡಲು ಹೊರಟವಳೂ ನಾನೇ.

ಸಭೆಯಲ್ಲಿ ಒಬ್ಬ ಹಿರಿಯರು "ಇದನ್ನೆಲ್ಲ ಮಕ್ಕಳಿಗೆ ಹೇಗಮ್ಮ ಹೇಳ್ತೀರಿ?" ಎಂದರು. ಬೂದು ಕೋಟು, ಇಸ್ತ್ರಿಪೆಟ್ಟಿಗೆ ಹೇಳಿದೆ. ಬಟ್ಟೆ ಸುತ್ತುತ್ತದೆ, ಬಿಸಿ ಹೋಗುತ್ತದೆ. ಮುನ್ನೂರು ಜನ ಬರೆದುಕೊಂಡರು. ಇದು ಯಾರು ಹೇಳಿದ್ದೆಂದು ಕೇಳಿದಾಗ 'ನಮ್ಮಪ್ಪ' ಎಂದೆ.

ಈಗ ಆ ಕೊನೆಯ ಹಾಳೆಗೆ ಉತ್ತರ. ಅಮ್ಮನ ಬಟ್ಟೆಯನ್ನು ನಿನ್ನನ್ನು ಕೇಳದೆ ಕೊಟ್ಟದ್ದು ತಪ್ಪು. ಅವು ಯಾರ ಮೈ ಮೇಲಾದರೂ ಓಡಾಡಲಿ, ಪೆಟ್ಟಿಗೆಯಲ್ಲಿ ಮಂಜಿನ ಹಾಗೆ ಬೀಳಬಾರದು ಎಂದುಕೊಂಡೆ. ಅದು ಸರಿಯೇ ಇರಬಹುದು. ಆದರೆ ಹೊಲಿದವನು ನೀನು. ನಿನ್ನ ಕಣ್ಣೆದುರು, ನಿನ್ನ ಕೈಯಿಂದ ಕೊಡಿಸಬೇಕಿತ್ತು. ನನಗೂ ಆ ಖಾಲಿ ಹ್ಯಾಂಗರು ನೋಡಲು ಆಗಲಿಲ್ಲ, ಅದಕ್ಕೇ ಊರು ಬಿಟ್ಟೆ. ಕ್ಷಮಿಸು.

ಜನವರಿ ಕೊನೆಗೆ ಎರಡು ವಾರ ರಜೆ ಸಿಗುತ್ತದೆ.

ನಿನ್ನ
ಪುಟ್ಟಿ


ನವೆಂಬರ್ 2

ಪುಟ್ಟಿ,

ನಿನ್ನ ಪತ್ರ ಓದಿ ಅತ್ತೆ ಬೀದಿಯವರಿಗೆಲ್ಲ ಸುದ್ದಿ ಹಂಚಿದಳು. ಖಾಯಂ ಎಂದಷ್ಟೇ ಹೇಳಿದ್ದರೆ ಸಾಕಿತ್ತು. "ನಾವು ಹೊಲಿದ ಚೀಲಕ್ಕೆ ಕಾಡಿನ ಒಂದು ಹುಳಕ್ಕೂ ನುಗ್ಗೋಕಾಗ್ಲಿಲ್ಲ" ಎಂಬುದನ್ನೂ ಸೇರಿಸುತ್ತಿದ್ದಾಳೆ. ಈಗ ನನ್ನಲ್ಲಿಗೆ ಬರುವವರೆಲ್ಲ ಹುಳ ನುಗ್ಗದ ಪ್ಯಾಂಟು ಕೇಳುತ್ತಿದ್ದಾರೆ. ತಕ್ಕಡಿ ಮೇಡಂ ಕೋಟು ಬಂತು, ಮುಗಿಸಿ ಕಳಿಸಿದೆ. ತೂಗಿ ನೋಡಿಯೇ ನೋಡುತ್ತಾರೆ. ನೋಡಲಿ, ಒಂದು ಎಳೆಯೂ ಹೆಚ್ಚು ಕಡಿಮೆ ಇಲ್ಲ.

ನಿನಗೆ ಹೇಳದೇ ಇಟ್ಟುಕೊಂಡದ್ದು ಒಂದಿದೆ. ಆವತ್ತು ನೀನು ಕಪಾಟು ಖಾಲಿ ಮಾಡಿದಾಗ ಒಂದು ಬಟ್ಟೆ ನಿನ್ನ ಕೈಗೆ ಸಿಗಲಿಲ್ಲ. ಅಮ್ಮನ ನೀಲಿ ಹತ್ತಿಯ ಅಂಗಿ, ಮನೆಯಲ್ಲಿ ಹಾಕಿಕೊಳ್ಳುತ್ತಿದ್ದದ್ದು. ಕಾಯಿಲೆಯಿಂದ ಹಾಸಿಗೆ ಹಿಡಿಯುವುದಕ್ಕೆ ಹತ್ತು ದಿನ ಮುಂಚೆ "ಮೊಣಕೈ ಹತ್ರ ಹರಿದಿದೆ, ಊರಿನವರದ್ದೆಲ್ಲ ಹೊಲೀತೀರ, ನಂದೊಂದು ಬಿಟ್ಟು" ಎಂದು ಅಂಗಡಿಗೇ ತಂದುಕೊಟ್ಟಳು. ನಾಳೆ ಎಂದೆ. ಎಲ್ಲರಿಗೂ ಹೇಳುವ ಹಾಗೆ ಅವಳಿಗೂ ನಾಳೆ ಎಂದೆ. ಆಮೇಲೆ ಅದನ್ನು ಹೊಲಿಯಲು ಕೈ ಬರಲಿಲ್ಲ, ಕೊಡಲೂ ಬರಲಿಲ್ಲ. ಮೆಷಿನ್ನಿನ ಕೆಳಗಿನ ಖಾನೆಯಲ್ಲಿ ಎರಡು ವರ್ಷದಿಂದ ಬಿದ್ದಿತ್ತು. ನಿನ್ನ ಚೀಲದ ತೂತುಗಳನ್ನು ಅಷ್ಟು ಹಟ ಹಿಡಿದು ಮುಚ್ಚಿದೆನಲ್ಲ, ಯಾಕೆಂದು ನನಗೆ ಈಗ ಗೊತ್ತಾಗುತ್ತಿದೆ.

ಮೊನ್ನೆ ಅದನ್ನು ತೆಗೆದು ಕತ್ತರಿಸಿದೆ. ಕತ್ತರಿ ಹಾಕುವ ತನಕ ಕಷ್ಟ, ಹಾಕಿದ ಮೇಲೆ ಅದೂ ಬಟ್ಟೆಯೇ, ನನ್ನ ಕೈಗೆ ದಾರಿ ಗೊತ್ತಿತ್ತು. ಬೆನ್ನು ಮತ್ತು ಎದೆಯ ಭಾಗದಿಂದ ನಿನ್ನ ಚಳಿ ಕೋಟಿಗೆ ಒಳಪದರ ಆಗುತ್ತದೆ. ಬಂದಾಗ ಕೋಟು ತಾ. ಎಡ ತೋಳಿನಲ್ಲಿ ಅತ್ತೆಗೆ ಗುಂಡಿಯ ಚೀಲ. ಹರಿದ ಬಲ ತೋಳಿನಿಂದ ಅಂಗೈ ಅಗಲದ ಚೀಲ ಮಾಡಿ, ಹಿತ್ತಲಿನ ನಿಂಬೆ ಗಿಡದ ಒಣ ಎಲೆ ಹತ್ತು ಗ್ರಾಂ ತುಂಬಿದೆ. ಚಿನಿವಾರನ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದೆ. ಅವನು ನನಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದಾನೆ. ಹೊಲಿಗೆ ಎರಡು ಸಾಲು.

ಮೊಣಕೈಯ ತೂತಿಗೆ ಕೈ ಹಚ್ಚಲಿಲ್ಲ. ಅತ್ತೆ ಎರಡು ಸಲ ಸೂಜಿ ಎತ್ತಿಕೊಂಡಳು, ಎರಡು ಸಲವೂ ಕಿತ್ತಿಟ್ಟೆ.

ನಿನ್ನೆ ನಿಂಬೆ ಗಿಡದ ಬುಡದಲ್ಲಿ ಹೂತೆ. ಅಮ್ಮ ನೆಟ್ಟ ಗಿಡ, ಅವಳು ಹೋದ ಮೇಲೆ ನಾನು ಅದರ ಕಡೆ ನೋಡಿರಲಿಲ್ಲ. ಮಣ್ಣು ತೆಗೆದರೆ ಎರೆಹುಳಗಳು ಎಷ್ಟು ಗೊತ್ತೇ? ಒಳ್ಳೆಯ ನೆಲ. ತೊಂಬತ್ತು ದಿನಕ್ಕೆ ಜನವರಿ ಮೂವತ್ತು. ಸನಿಕೆ ಹಿತ್ತಲ ಬಾಗಿಲ ಹಿಂದಿದೆ. ನಾನು ಅಗೆದು ನೋಡುವುದಿಲ್ಲ, ನೀನೇ ಬಂದು ಅಗೆ.

ಗುರುತಿಗೆ ಮೂಲೆಯಲ್ಲಿ ಕೆಂಪು ದಾರ ಹಾಕಿದ್ದೇನೆ.

ಅಪ್ಪ